ಬಂಗುಡೆ ತಲೆ, ದೊಡ್ಡಪ್ಪನ ಕಣ್ಣು

ನಮ್ಮ 'ಹಳೆಮನೆ' ಗುಂಪಿನಲ್ಲಿ 34 ಜನ ಇದ್ದೇವೆ. ಉಡುಪಿಯಿಂದ ದುಬೈವರೆಗೆ ಹರಡಿಕೊಂಡಿದ್ದೇವೆ. ಯಾರದ್ದಾದರೂ ಹುಟ್ಟುಹಬ್ಬ ಬಂದರೆ ಕೇಕಿನ ಚಿತ್ರ ಬೀಳುತ್ತದೆ, ಅಷ್ಟೇ. ಮೊನ್ನೆ ಭಾನುವಾರ ಮಾತ್ರ ಬೆಳಿಗ್ಗೆ ಆರಕ್ಕೇ ಶುರುವಾಯಿತು.

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆಗಿದೆ): ಮೀನಿನ ಕಣ್ಣಿನ ನರ ತುಂಡಾದರೂ ಮತ್ತೆ ಬೆಳೆಯುತ್ತದೆ!! ಹಾಗಾಗಿ ವಾರಕ್ಕೆ 3 ದಿನ ಮೀನಿನ ತಲೆ ತಿಂದರೆ ಗ್ಲಾಕೋಮಾ ಮಾಯ. ಡಾಕ್ಟರು ಇದನ್ನು ಹೇಳುವುದಿಲ್ಲ. 10 ಜನಕ್ಕೆ ಕಳಿಸಿ.

ಸುಧೀರ: ದೊಡ್ಡಪ್ಪ, ಇದನ್ನು ಹೇಳಿದ್ದು ಯಾರು? ಎಲ್ಲಿ ಬಂದಿದೆ?

ದೊಡ್ಡಪ್ಪ: ಬಂದದ್ದು ಕಳಿಸಿದ್ದೇನೆ. ಬೇಕಾದವರು ಓದಿ.

ಮುಂಬೈ ಅತ್ತೆ: ಸುಧೀರ, ಹಿರಿಯರು ಒಳ್ಳೆಯದಕ್ಕೇ ಹೇಳುವುದು. ಎಲ್ಲದಕ್ಕೂ ಸಾಕ್ಷಿ ಕೇಳಲಿಕ್ಕೆ ಇದು ಕೋರ್ಟಾ?

ಪ್ರವೀಣ: ಬಂಗುಡೆ ತಲೆ ಅಂದ ಕೂಡಲೇ ಅಜ್ಜಿಯ ಪುಳಿಮುಂಚಿ ನೆನಪಾಯ್ತು. ಮಣ್ಣಿನ ಗಡಿಗೆ, ಮರುದಿನದ ಗಂಜಿ. ಇಲ್ಲಿ ದುಬೈನಲ್ಲಿ ಬಂಗುಡೆ ಸಿಗ್ತದೆ, ಆ ರುಚಿ ಇಲ್ಲ ಮಾರಾಯ್ರೆ.

ಫಾರ್ವರ್ಡಿನಲ್ಲಿ ಬಂಗುಡೆ ಎಂಬ ಪದವೇ ಇರಲಿಲ್ಲ. ಅದು ಯಾರಿಗೂ ಬೇಕಾಗಿಯೂ ಇರಲಿಲ್ಲ. ಮುಂದಿನ 20 ಮೆಸೇಜು ಅಜ್ಜಿ ಹುಳಿಗೆ ಏನು ಹಾಕುತ್ತಿದ್ದರು ಎಂಬುದರ ಮೇಲೆ.

ನಾನು ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುವವಳು. ಸುಮ್ನೆ ಇರಬಹುದಿತ್ತು.

ನಾನು: ದೊಡ್ಡಪ್ಪ, ಮೊದಲ ಸಾಲು ನಿಜ. ಗೋಲ್ಡ್‌ಫಿಶ್, ಜೀಬ್ರಾ ಮೀನು ಇವುಗಳ ಕಣ್ಣಿನ ನರ ಕಡಿದರೆ ಕೆಲವು ವಾರಗಳಲ್ಲಿ ಮತ್ತೆ ಮಿದುಳಿಗೆ ಹೋಗಿ ಸೇರುತ್ತದೆ, ಮೀನಿಗೆ ಮತ್ತೆ ಕಾಣುತ್ತದೆ. ಆದರೆ ಅದು ಮೀನಿನ ಜೀವಕೋಶ ಮಾಡುವ ಕೆಲಸ. ನಮ್ಮ ಹೊಟ್ಟೆಗೆ ಬಂದದ್ದು ಜೀರ್ಣ ಆಗಿಬಿಡುತ್ತದೆ. ಕೋಳಿ ತಿಂದರೆ ರೆಕ್ಕೆ ಬರುತ್ತದಾ?

ಶಂಕರ ಚಿಕ್ಕಪ್ಪ: ಮನುಷ್ಯರದ್ದು ಬೆಳೆಯುವುದಿಲ್ಲ ಅಂತ ಯಾರು ಹೇಳಿದ್ದು? ನನ್ನ ಕೈ ಗಾಜಿಗೆ ಕೊಯ್ದು ಬೆರಳಿಗೆ ಸ್ಪರ್ಶವೇ ಇರಲಿಲ್ಲ. ಆರು ತಿಂಗಳಲ್ಲಿ ಬಂತು. ಆಗ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಪಕ್ಕದ ಮನೆಯವರು. ಯಾರು ಬರಲಿಲ್ಲ ಅಂತ ಎಲ್ಲರಿಗೂ ಗೊತ್ತುಂಟು.

ದೊಡ್ಡಪ್ಪ: ನಾನು ಆ ದಿನ ಊರಲ್ಲಿ ಇರಲಿಲ್ಲ. ನೂರು ಸಲ ಹೇಳಿದ್ದೇನೆ.

ಚಿಕ್ಕಪ್ಪ ಹೇಳಿದ್ದು ಒಳ್ಳೆಯ ಮಾತು, ಜಗಳದ ಅಡಿಯಲ್ಲಿ ಸಿಕ್ಕಿಕೊಂಡಿತು. ಕೈಕಾಲಿನ ನರ ನಮ್ಮಲ್ಲೂ ಬೆಳೆಯುತ್ತದೆ, ದಿನಕ್ಕೆ ಸುಮಾರು 1 ಮಿಲಿಮೀಟರ್. ಕಣ್ಣಿನ ನರ ಹಾಗಲ್ಲ, ಅದು ಮಿದುಳಿನದೇ ಬಾಲ ಇದ್ದ ಹಾಗೆ. ಇಲಿಯಲ್ಲಿ ಅದನ್ನು ಜಜ್ಜಿದರೆ ಎರಡು ವಾರದಲ್ಲಿ ಅದರ ಹೆಚ್ಚಿನ ಕೋಶಗಳು ಸತ್ತೇ ಹೋಗುತ್ತವೆ. ಉಳಿದವು ಬೆಳೆಯಹೊರಟರೆ ಸುತ್ತಲಿನ ಮೈಯೆಲಿನ್ ಪೊರೆಯಲ್ಲಿರುವ ನೋಗೋ ಎಂಬ ಪ್ರೋಟೀನು, ಜೊತೆಗೆ ಗಾಯದ ಕಲೆ, ಎರಡೂ ಸೇರಿ ತಡೆಯುತ್ತವೆ. 1980ರ ದಶಕದಲ್ಲಿ ಮಾಂಟ್ರಿಯಲ್‌ನ ಆಲ್ಬರ್ಟ್ ಅಗ್ವಾಯೋ ತಂಡ ಇಲಿಯ ಕಣ್ಣಿಗೆ ಅದರ ಕಾಲಿನ ನರದ ತುಂಡನ್ನು ಜೋಡಿಸಿತು. ಆ ದಾರಿಯಲ್ಲಿ ಎಳೆಗಳು ಬೆಳೆದವು! ಅಂದರೆ ಶಕ್ತಿ ಪೂರ್ತಿ ಹೋಗಿರಲಿಲ್ಲ, ದಾರಿಯೂ ಕೆಟ್ಟಿತ್ತು. 2008ರಲ್ಲಿ ಇಲಿಯ ಕೋಶದಲ್ಲಿ ಬೆಳವಣಿಗೆಗೆ ಬ್ರೇಕ್ ಹಾಕುವ ಪಿಟೆನ್ ಎಂಬ ಜೀನ್ ತೆಗೆದಾಗ ಕೆಲವು ಎಳೆಗಳು ತಾವಾಗಿಯೇ ಬೆಳೆದವು. ಮೀನಿಗೆ ಇಷ್ಟೆಲ್ಲ ಸರ್ಕಸ್ ಬೇಡ. ಕಡಿದ ಕೂಡಲೇ ಅದರ ಕೋಶ ಬೆಳೆಯುವ ಜೀನ್‌ಗಳನ್ನು ತಾನೇ ಎಬ್ಬಿಸುತ್ತದೆ.

ಇದನ್ನೆಲ್ಲ ಟೈಪ್ ಮಾಡಿ ಹಾಕಿದೆ. ಅತ್ತೆ ಹೆಬ್ಬೆರಳು ಒತ್ತಿದರು. ಓದಿರಲಿಲ್ಲ.

ಮುಂಬೈ ಅತ್ತೆ: ಪುನೀತ್ ಹೋದಾಗ ಅವರ ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತಲ್ಲ? ಅಣ್ಣನಿಗೂ ಹಾಗೇ ಬದಲಿಸಬಹುದು.

ನಾನು: ಅತ್ತೆ, ಅದು ಕಾರ್ನಿಯಾ. ಕಣ್ಣಿನ ಎದುರಿನ ಪಾರದರ್ಶಕ ಪದರ, ಅಷ್ಟೇ. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಇಡೀ ಕಣ್ಣನ್ನೇ ಕಸಿ ಮಾಡಿದರು. ಕಣ್ಣಿಗೆ ರಕ್ತ ಹರಿಯಿತು, ನೋಟ ಬರಲಿಲ್ಲ. ನರ ಸೇರಬೇಕಲ್ವಾ? ದೊಡ್ಡಪ್ಪನಿಗೆ ಆಗಿರುವ ಗ್ಲಾಕೋಮಾ ಆ ನರದ ತೊಂದರೆ. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಕಾಪಾಡಲಿಕ್ಕೆ ಡ್ರಾಪ್ಸ್.

ಪ್ರವೀಣ: ಟೀಚರ್, ಒಂದು ಡೌಟು. ಮತ್ತೆ ಬೆಳೆದ ನರಕ್ಕೆ ಮಿದುಳಲ್ಲಿ ಎಲ್ಲಿಗೆ ಹೋಗಬೇಕು ಅಂತ ಹೇಗೆ ಗೊತ್ತಾಗ್ತದೆ?

ಇಡೀ ದಿನದಲ್ಲಿ ಬಂದ ಒಂದೇ ಒಳ್ಳೆಯ ಪ್ರಶ್ನೆ. ಖುಷಿಯಲ್ಲಿ ನಾನೇ ಬೆಂಕಿ ಹಚ್ಚಿದೆ.

ನಾನು: 1940ರ ದಶಕದಲ್ಲಿ ರೋಜರ್ ಸ್ಪೆರಿ ಕಪ್ಪೆಯ ಕಣ್ಣಿನ ನರ ಕಡಿದು, ಕಣ್ಣನ್ನೇ ತಲೆಕೆಳಗು ತಿರುಗಿಸಿ ಇಟ್ಟರು. ನರ ಬೆಳೆದು ಹಳೇ ಜಾಗಕ್ಕೇ ಹೋಗಿ ಸೇರಿತು. ಕಣ್ಣು ಮಾತ್ರ ಉಲ್ಟಾ. ನೊಣ ಮೇಲಿದ್ದರೆ ಕಪ್ಪೆ ಕೆಳಗೆ ಬಾಯಿ ಹಾಕುತ್ತಿತ್ತು. ಕೊನೆಗೂ ತಿದ್ದಿಕೊಳ್ಳಲೇ ಇಲ್ಲ.

ದೊಡ್ಡಪ್ಪ: ಅಂಥದ್ದು ಒಂದು ನಮ್ಮ ಮನೆಯಲ್ಲೂ ಉಂಟು. ಬೇಲಿ ಆಚೆ ಅಂದರೆ ಈಚೆ ಹಾಕುತ್ತದೆ.

ಶಂಕರ ಚಿಕ್ಕಪ್ಪ: ಕಪ್ಪೆ ಅಂದದ್ದು ಯಾರಿಗೆ?

ಮುಂಬೈ ಅತ್ತೆ: ಅಣ್ಣ, ಶಂಕರ, ಇಬ್ಬರೂ ಬಿಡಿ. ಅಮ್ಮ ಇದ್ದಿದ್ದರೆ ಹೀಗೆ ಆಗುತ್ತಿತ್ತಾ?

ಶಂಕರ ಚಿಕ್ಕಪ್ಪ: ಅಮ್ಮ ಇದ್ದಾಗಲೇ ಸರ್ವೆಯವರನ್ನು ಕರೆಸಿದ್ದು ಯಾರು, ಕೇಳು.

ಸುಧೀರ: ಆ ಸರ್ವೆ ನಕ್ಷೆ ಇದ್ದರೆ ಹಾಕಿ.

ಶಂಕರ ಚಿಕ್ಕಪ್ಪ ಗುಂಪು ಬಿಟ್ಟರು. ಅತ್ತೆ ಸೇರಿಸಿದರು. ಮತ್ತೆ ಬಿಟ್ಟರು. ನಡುವೆ ಪ್ರವೀಣ ಅಜ್ಜಿಯ ಹಳೇ ಫೋಟೋ ಹಾಕಿದ, ಅದರಲ್ಲಿ ಯಾರು ಯಾರು ಅಂತ ಗುರುತಿಸುವುದು ಶುರುವಾಯಿತು.

ರಾತ್ರಿ ಹತ್ತಕ್ಕೆ ದೊಡ್ಡಪ್ಪನ ಮೆಸೇಜು ಬಂತು. ಗುಂಪಿಗಲ್ಲ, ನನಗೆ.

"ಶನಿವಾರ ಬರುವಾಗ ಕಣ್ಣಿನ ಡ್ರಾಪ್ಸ್ ಎರಡು ಬಾಟ್ಲಿ ತಾ."

"ಖಾಲಿ ಆಗಿ ಎಷ್ಟು ದಿನ ಆಯ್ತು ದೊಡ್ಡಪ್ಪ?"

ನೀಲಿ ಗೆರೆ ಬಂತು. ತುಂಬಾ ಹೊತ್ತಿನ ನಂತರ: "ದೀಪಾವಳಿಗೆ ಮುಗಿಯಿತು. ಶಂಕರನಿಗೆ ಹೇಳಬೇಡ."