ಕೆಮ್ಮನೆ ಯಾರ ಮನೆ? ಹೈಸ್ಕೂಲಿನಲ್ಲಿ ಹಳೆಗನ್ನಡ ಕಲಿಸಿದವರು ಅನುಭವ ಹೇಳಿ

ಹೊಸ ಟೀಚರ್, ಹೊಸನಗರ ಕಡೆ:
ನಮಸ್ಕಾರ. ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಇದು ಎರಡನೇ ವರ್ಷ. ಹತ್ತನೇ ತರಗತಿಯಲ್ಲಿ 34 ಮಕ್ಕಳು. ಅದರಲ್ಲಿ 11 ಜನಕ್ಕೆ ಇವತ್ತಿನ ಕನ್ನಡದ ಒಂದು ಪ್ಯಾರಾ ಓದಿ ಅದರಲ್ಲೇನಿದೆ ಅಂತ ಹೇಳಲು ಬರುವುದಿಲ್ಲ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾರೆ, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಶುರುವಿನಲ್ಲಿ ಓದಿದ್ದು ಮರೆತಿರುತ್ತದೆ. ಇವರಿಗೆ ನಾನು ಪಂಪ, ರನ್ನ ಮಾಡಬೇಕು.

ಕಳೆದ ವಾರ ಪಂಪನ 'ಕೆಮ್ಮನೆ ಮೀಸೆವೊತ್ತೆನೇ' ಅಂತ ಬೋರ್ಡಿನ ಮೇಲೆ ಬರೆದೆ. ಒಬ್ಬ ಎದ್ದು ನಿಂತು, 'ಮಿಸ್, ಕೆಮ್ಮನೆ ಎಲ್ಲಿ ಬರ್ತದೆ, ನಿಟ್ಟೂರು ಕಡೆನಾ?' ಅಂದ. ತಮಾಷೆಗಲ್ಲ, ನಿಜವಾಗಿ ಕೇಳಿದ್ದು. ಅವರ ಮನೆ ಹೆಸರು ಕೆಳಮನೆ, ಪಕ್ಕದವರದ್ದು ಹೊಸಮನೆ. ಹಾಗಾಗಿ ಕೆಮ್ಮನೆಯೂ ಯಾರದೋ ಮನೆ. ರನ್ನನ 'ಛಲಮನೆ ಮೆಱೆವೆಂ' ತಲೆಬರಹ ನೋಡಿ ಇನ್ನೊಬ್ಬಳು 'ಇಲ್ಲೂ ಒಂದು ಮನೆ ಬಂತು' ಅಂದಳು.

ದಿನಕ್ಕೆ ಒಂದೇ ಪಿರಿಯಡ್. ಓದುವುದನ್ನು ಕಲಿಸಲಾ, ಪಾಠ ಮುಗಿಸಲಾ? ನೀವು ಏನು ಮಾಡಿದಿರಿ, ಏನಾಯಿತು, ಹೇಳಿ.

ತುಂಗಾ ದಡದ ಮೇಷ್ಟ್ರು:
ಮೇಡಂ, 19 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹಳೆಗನ್ನಡ ಕಣ್ಣಿನಿಂದ ಓದುವಂಥದ್ದಲ್ಲ, ಕಿವಿಯಿಂದ. ಶಿವಮೊಗ್ಗದ ಮಗ್ಗುಲಲ್ಲೇ ಮತ್ತೂರು, ಹೊಸಹಳ್ಳಿ ಇವೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ ಗಮಕಕ್ಕಾಗಿಯೇ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗಾಗಿಯೇ, 2022ರಲ್ಲಿ ಪದ್ಮಶ್ರೀ ಬಂತು. ಅಂಥ ಊರು ಪಕ್ಕದಲ್ಲಿದ್ದೂ ನಾವು ಕುಮಾರವ್ಯಾಸನನ್ನು ಗೈಡಿನಿಂದ ಓದಿಸುತ್ತೇವೆ, ಅದಕ್ಕೇನು ಹೇಳೋಣ.

ಒಂದು ಆಗಸ್ಟಿನಲ್ಲಿ ಗಮಕಿಯೊಬ್ಬರನ್ನು ಶಾಲೆಗೆ ಕರೆಸಿದೆ. ಅವರು ಒಂದು ರೂಪಾಯಿಯೂ ಕೇಳಲಿಲ್ಲ. ಆದರೆ ಕಾರಿನ ಬಾಡಿಗೆ 1,800, ಶಾಲು ಹಾರ ಹಣ್ಣು 640, ಮೈಕ್ ಸೆಟ್ಟು 700, ಮಕ್ಕಳಿಗೆ ಉಪ್ಪಿಟ್ಟು ಕಾಫಿ 1,150. ಒಟ್ಟು 4,290. ಶಾಲೆ ಕೊಟ್ಟದ್ದು 500. ಉಳಿದ 3,790 ನನ್ನ ಜೇಬಿನಿಂದ. ಮನೆಯಲ್ಲಿ ಇವತ್ತಿಗೂ ಅದರ ಮಾತು ಬರುತ್ತದೆ.

ಅವರು ಬಂದು ಕೂತ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ಮೈಕಿನ 700 ಅಲ್ಲಿಗೆ ಮುಗೀತು. ಮೇಲೆ ತಗಡಿನ ಶೀಟು, ಅದರ ಮೇಲೆ ನಮ್ಮ ಮಳೆ, ಎದುರಿಗೆ ಕೂತವರ ಮಾತೂ ಕೇಳುತ್ತಿರಲಿಲ್ಲ. ಅವರು ವೇದಿಕೆ ಬಿಟ್ಟು ಇಳಿದು ಹುಡುಗರ ಬೆಂಚಿನ ಮೇಲೆ, ನಡುವೆ ಕೂತು ಹಾಡಿದರು. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಭಾಗ. ಒಂದೇ ಷಟ್ಪದಿ ಮೂರು ಸಲ. ಮೂರನೇ ಸಲ ಕೊನೆಯ ಪದದ ಹತ್ತಿರ ಬೇಕಂತಲೇ ನಿಲ್ಲಿಸಿದರು. ಹಿಂದಿನ ಬೆಂಚಿನವರು ಆ ಪದ ಹೇಳಿದರು! ಅ, ಆ ತಡವರಿಸುವ ಹುಡುಗರು.

ಆಮೇಲೆ ನಾನು 3-4-3-4 ಮಾತ್ರೆ (ಉಚ್ಚಾರದ ಕಾಲದ ಅಳತೆ) ಅಂತ ಡೆಸ್ಕ್ ಬಡಿಸುತ್ತಾ ಆ ಆರು ಸಾಲಿನ ಛಂದಸ್ಸು, ಭಾಮಿನಿ ಷಟ್ಪದಿ ಕಲಿಸಿದೆ. ಒಟ್ಟು ನೂರು ಮಾತ್ರೆ ಕೈಗೆ ಹತ್ತಿದರೆ ಪದ್ಯ ತಾನಾಗಿ ಬಿಡಿಸಿಕೊಳ್ಳುತ್ತದೆ. ಗಲಾಟೆ ಅಂತ ಹೆಡ್ಮಾಸ್ಟರು ಎರಡು ಸಲ ಬಂದು ಬಾಗಿಲಲ್ಲಿ ನಿಂತರು. ನಿಂತರೆ ನಿಲ್ಲಲಿ.

ರಿಸಲ್ಟ್ ಟೀಚರ್, ಸೊರಬ:
ಕೇಳಲು ಚೆನ್ನಾಗಿದೆ ಸಾರ್. ಆ ವರ್ಷ ಎಷ್ಟು ಜನ ಪಾಸಾದರು ಅನ್ನುವುದು ಮಾತ್ರ ಬರೆಯಲಿಲ್ಲ ನೀವು. ಇನ್ನೊಂದು, ಭಾಮಿನಿ 102 ಮಾತ್ರೆ, ನೂರಲ್ಲ. 14ರ ನಾಲ್ಕು ಸಾಲು 56, 23ರ ಎರಡು ಸಾಲು 46.

ನಾನು ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಮಾಡುವವಳು. ಹೌದು, ಬೈಯಿರಿ. ಮೊದಲ ಎರಡು ವರ್ಷ ನಾನೂ ನಿಮ್ಮ ಹಾಗೇ ಇದ್ದೆ. ಪಂಪನ ಒಂದು ಪದ್ಯಕ್ಕೆ ಆರು ಪಿರಿಯಡ್. ದ್ರೋಣ ದ್ರುಪದನ ಆಸ್ಥಾನಕ್ಕೆ ಹೋಗಿ ಅವಮಾನ ಪಡುವುದನ್ನು ಹೇಳುವಾಗ ನನಗೇ ಕಣ್ಣಲ್ಲಿ ನೀರು. ಫಲಿತಾಂಶದ ದಿನ ಕನ್ನಡದಲ್ಲೇ 9 ಜನ ಫೇಲ್. ಗಣಿತದಲ್ಲಿ 4. ಮಾತೃಭಾಷೆಯಲ್ಲಿ ಫೇಲ್ ಮಾಡಿಸಿದ ಟೀಚರ್ ಅಂತ ಮೀಟಿಂಗಿನಲ್ಲಿ ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದರು. ಕಾರಣ ಕೇಳಿ ನೋಟಿಸು ಬಂತು. ಆ ಒಂಬತ್ತರಲ್ಲಿ ಒಬ್ಬಳಿಗೆ ಅದೇ ಮೇ ತಿಂಗಳಲ್ಲಿ ಗಂಡು ನೋಡಲು ಶುರು ಮಾಡಿದರು. ನೋಟಿಸು ಮರೆತಿದ್ದೇನೆ, ಅದನ್ನು ಮರೆತಿಲ್ಲ.

ಮುಂದಿನ ವರ್ಷದಿಂದ ಕವಿ ಪರಿಚಯ, ಕಂಠಪಾಠ, ಗಾದೆ, ಪತ್ರ, ಅಲಂಕಾರ. ಇಷ್ಟು ಗಟ್ಟಿ. 42 ಮಕ್ಕಳು, ತಲೆಗೆ 18 ಪುಟ, ಪುಟಕ್ಕೆ ಒಂದೂವರೆ ರೂಪಾಯಿ. ಒಂದು ಸಲಕ್ಕೆ 1,134. ಅದೂ ಮೂರು ಸಲ, ಯಾಕೆಂದರೆ ಮಳೆಗಾಲದಲ್ಲಿ ಚೀಲದೊಳಗೆ ನೆನೆದು ಮುದ್ದೆಯಾಗುತ್ತದೆ. ಜೆರಾಕ್ಸ್ ಅಂಗಡಿಯವನು ಪಾಪ ಸಾಲ ಕೊಟ್ಟ. ನಾಲ್ಕು ವರ್ಷದಿಂದ ನನ್ನಲ್ಲಿ ಒಬ್ಬರೂ ಫೇಲಾಗಿಲ್ಲ.

ತುಂಗಾ ದಡದ ಮೇಷ್ಟ್ರು:
ನೂರು ಅಂದದ್ದು ಸುಮಾರಿಗೆ. ನಿಮ್ಮ 42 ಮಕ್ಕಳಲ್ಲಿ ಒಬ್ಬರನ್ನು ಇವತ್ತು ಕರೆದು ದ್ರೋಣ ಯಾರು ಅಂತ ಕೇಳಿ ನೋಡೋಣ.

ರಿಸಲ್ಟ್ ಟೀಚರ್, ಸೊರಬ:
ಒಬ್ಬ ಡಿಪ್ಲೊಮಾ ಮುಗಿಸಿದ. ಇನ್ನೊಬ್ಬಳು ನರ್ಸಿಂಗ್. ದ್ರೋಣನ ಬಗ್ಗೆ ಕೇಳಲು ಅವರಿಗೆ ಪುರುಸೊತ್ತಿಲ್ಲ ಸಾರ್.

ಶಿವಮೊಗ್ಗದ ಅಮ್ಮ:
ನಾನು ಟೀಚರ್ ಅಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಕೊನೆಗೆ ದುಡ್ಡು ಕೊಡುವವರು ನಾವು. ಮಗಳು ಇಂಗ್ಲಿಷ್ ಮೀಡಿಯಂ. ಏಳನೇ ತರಗತಿಯಲ್ಲಿ ಕನ್ನಡಕ್ಕೇ ಟ್ಯೂಷನ್, ತಿಂಗಳಿಗೆ 1,200, ಹತ್ತು ತಿಂಗಳು. ಮನೆಯಲ್ಲಿ ಕನ್ನಡ ಮಾತಾಡುವವರು, ಕನ್ನಡಕ್ಕೆ 12,000! ಆಮೇಲೂ ಉತ್ತರ ಬರೆಯುವಾಗ ಒತ್ತಕ್ಷರ ತಪ್ಪು, ಅಲ್ಪಪ್ರಾಣ ಮಹಾಪ್ರಾಣ ಅದಲುಬದಲು. ಎಂಟಕ್ಕೆ ಪ್ರಥಮ ಭಾಷೆ ಸಂಸ್ಕೃತ ತೆಗೆದುಕೊಂಡೆವು. ಎಸ್ಸೆಸ್ಸೆಲ್ಸಿಯಲ್ಲಿ 125ಕ್ಕೆ 124. ನೆಂಟರೆಲ್ಲ ಕೊಂಕು ಮಾತಾಡಿದರು. ಅವರ ಮಕ್ಕಳು ಕನ್ನಡದಲ್ಲಿ 98 ತೆಗೆದು ಸೀಟಿಗೆ ಅಲೆದರು. ನಾನು ಮಾಡಿದ್ದು ತಪ್ಪಲ್ಲ. ಯಾರೂ ತಪ್ಪು ಅಂದಿಲ್ಲ, ಗೊತ್ತು. ಆದರೂ ಹೇಳುತ್ತಿದ್ದೇನೆ.

ತಾಳಮದ್ದಲೆ ಹುಚ್ಚ, ತೀರ್ಥಹಳ್ಳಿ:
ಅಕ್ಕ, 124 ಬಂದದ್ದು ಸಂತೋಷ. ಆದರೆ ಪಂಪ 'ನೆನೆವುದೆನ್ನ ಮನಂ ಬನವಾಸಿ ದೇಶಮಂ' ಅಂದದ್ದು ಈ ನಾಡನ್ನೇ. ಸೊರಬದಿಂದ ಬೈಕಿನಲ್ಲಿ ಹೋಗಿ ಬರುವ ದೂರ. ಕಾವ್ಯ ಬರೆದದ್ದು 941ರಲ್ಲಿ. ನಮ್ಮೂರ ಮಕ್ಕಳಿಗೇ ಅದು ಬೇಡವಾದರೆ ಬೇರೆ ಯಾರಿಗೆ ಬೇಕು ಮಾರಾಯ್ರೆ?

ನಾನು ಅತಿಥಿ ಶಿಕ್ಷಕನಾಗಿ ಮೂರು ವರ್ಷ ದುಡಿದವನು. ಸಂಬಳ ಐದು ತಿಂಗಳಿಗೊಮ್ಮೆ, ಅದರ ಕಥೆ ಬೇರೆಯೇ ಇದೆ. ನಮ್ಮ ಕಡೆ ಮಕ್ಕಳಿಗೆ ತಾಳಮದ್ದಲೆಯ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನದ, 'ಕರ್ಣ ಭೇದನ' ಗೊತ್ತು, 'ಲವಕುಶ ಕಾಳಗ' ಗೊತ್ತು, 'ಗದಾಪರ್ವ' ಗೊತ್ತು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೊಬೈಲ್ ಹಾಕಿಟ್ಟುಕೊಂಡು ಕೇಳುತ್ತಾರೆ. ಕತ್ತಿಮಣೆ ಎದುರು ಕೂತ ಹುಡುಗ ಕರ್ಣನ ಮಾತಿಗೆ ಎರಡು ನಿಮಿಷ ಸುಲಿಯುವುದನ್ನು ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ, ಅವನ ಅಜ್ಜಿ ಬೈದದ್ದನ್ನೂ. ಹಾಗಾಗಿ ಕ್ಲಾಸಿನಲ್ಲಿ ಒಬ್ಬ ಕೃಷ್ಣ, ಒಬ್ಬ ಕರ್ಣ. ಪುಸ್ತಕ ಮುಚ್ಚಿ ವಾದ ಮಾಡಿ ಅಂದೆ. 40 ನಿಮಿಷ ಸಾಲಲಿಲ್ಲ. ಬಸ್ಸು ತಪ್ಪಿಸಿಕೊಂಡರು. ಮಾರನೇ ದಿನ ಇಬ್ಬರು ಅಪ್ಪಂದಿರು ಸ್ಕೂಲಿಗೇ ಬಂದರು.

ರಿಸಲ್ಟ್ ಟೀಚರ್, ಸೊರಬ:
ಈ ಯಕ್ಷಗಾನದ ಕಾಟ ಮೌಲ್ಯಮಾಪನಕ್ಕೆ ಹೋದವರಿಗೆ ಗೊತ್ತು. ಸಂದರ್ಭ ಸಹಿತ ಸ್ವಾರಸ್ಯ ಬರಿ ಅಂದರೆ ಒಬ್ಬ ಒಂದೂವರೆ ಪುಟ ಕರ್ಣನ ಅರ್ಥಗಾರಿಕೆ, ತಾಳಮದ್ದಲೆಯವರು ತಾವೇ ಕಟ್ಟಿ ಆಡುವ ಮಾತು, ಬರೆದಿದ್ದ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಪದ್ಯದಲ್ಲಿ ಇರುವ ಒಂದು ಮಾತೂ ಅದರಲ್ಲಿಲ್ಲ. ಎಷ್ಟು ಅಂಕ ಕೊಡಲಿ?

ತಾಳಮದ್ದಲೆ ಹುಚ್ಚ, ತೀರ್ಥಹಳ್ಳಿ:
ಪೂರ್ತಿ ಕೊಡಬೇಕಿತ್ತು.

ರಿಸಲ್ಟ್ ಟೀಚರ್, ಸೊರಬ:
ನಿಮ್ಮಂಥವರಿಗೆ ಪೆನ್ನು ಕೊಡಬಾರದು.

ತುಂಗಾ ದಡದ ಮೇಷ್ಟ್ರು:
ಇಲ್ಲಿ ಮೇಡಂ ಹೇಳಿದ್ದು ಸರಿ. ಕುಮಾರವ್ಯಾಸನ ಕರ್ಣ ಬೇರೆ, ತಾಳಮದ್ದಲೆಯ ಕರ್ಣ ಬೇರೆ. ಪದ್ಯದಲ್ಲಿ ಏನಿದೆ ಅಂತ ನೋಡುವುದೇ ಓದು. ಹುಚ್ಚಪ್ಪನವರು ಓದಿಸಲಿಲ್ಲ, ಆಡಿಸಿದರು.

ತಾಳಮದ್ದಲೆ ಹುಚ್ಚ, ತೀರ್ಥಹಳ್ಳಿ:
ನೀವು ಹಾಡಿಸಿದಿರಲ್ಲ, ಅದೇನು ಓದಾ? ಅದೂ 4,290 ಖರ್ಚು ಮಾಡಿ. ನನಗೆ ಖರ್ಚು ಸೊನ್ನೆ.

ಅಡಿಕೆ ಪೇಪರ್, ಸಾಗರ:
ಜಗಳ ಆಮೇಲೆ ಆಡಿ. ನನ್ನದು ಬೇರೆ ಕಥೆ.

ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗ, ಪಾಠದ ಒಂದು ಸಾಲು ಓದಲು ಒಂದು ನಿಮಿಷ. ಹಿಂದಿನ ತರಗತಿಯದ್ದನ್ನು ಮತ್ತೆ ಕಲಿಸುವ ಜೂನಿನ ಸೇತುಬಂಧ ಮುಗಿದರೂ ಹಾಗೇ. ಒಂದು ದಿನ ಸ್ಟಾಫ್ ರೂಮಿನ ಕಿಟಕಿ ಹತ್ತಿರ ಪೇಪರ್ ನೋಡುತ್ತಾ ನಿಂತಿದ್ದ. ಏನೋ ಅಂದೆ. 'ರಾಶಿ ಇಳಿದಿದೆ ಸಾರ್' ಅಂದ. ಅಡಿಕೆ ಧಾರಣೆ! ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಬಗೆಗಳು, ಕನಿಷ್ಠ, ಗರಿಷ್ಠ ದರ, ಎಲ್ಲ ಸರಸರ ಓದಿದ. ಒತ್ತಕ್ಷರವೂ ಸರಿ.

ಮಾರನೇ ದಿನದಿಂದ ಮೊದಲ ಹತ್ತು ನಿಮಿಷ ಪೇಪರಿನ ಒಂದು ತುಣುಕು. ಧಾರಣೆ, ಅಡಿಕೆಯ ಕೊಳೆರೋಗದ ಸುದ್ದಿ, ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ವಿವರ. ಓದಿದ ಮೇಲೆ ಮೂರು ಪ್ರಶ್ನೆ. ಒಂದಕ್ಕೆ ಉತ್ತರ ಸಾಲಿನಲ್ಲೇ ಇರಬೇಕು, ಇನ್ನೊಂದಕ್ಕೆ ಎರಡು ಸಾಲು ಕೂಡಿಸಬೇಕು, ಮೂರನೆಯದಕ್ಕೆ ಬರೆಯದೇ ಬಿಟ್ಟದ್ದನ್ನು ಊಹಿಸಬೇಕು. ಈ ಮೂರನೇ ಬಗೆಯದೇ ಕಷ್ಟ. ನಿಮ್ಮಪ್ಪ ಇವತ್ತು ಮಾರಬೇಕಾ ಬೇಡವಾ ಅಂತ ಕೇಳಿದೆ. ಆ ಹುಡುಗ ಹೇಳಿದ್ದು: 'ಗರಿಷ್ಠ ನೋಡಿ ಹೋದ್ರೆ ಮೋಸ ಸಾರ್, ಆ ದರ ಯಾರದೋ ಒಂದೆರಡು ಮೂಟೆಗೆ ಸಿಕ್ಕಿರ್ತದೆ ಅಷ್ಟೆ.' ಪೇಪರಿನಲ್ಲಿ ಇದು ಎಲ್ಲೂ ಇರಲಿಲ್ಲ.

ಮುಂದಿನ ವರ್ಷ ಅವನಿಗೇ ದುರ್ಗಸಿಂಹನ 'ವೃಕ್ಷಸಾಕ್ಷಿ' ಮಾಡಿದೆ. ಮೊದಲು ಕಥೆ ಹೇಳಲಿಲ್ಲ. ದಿನಕ್ಕೆ ನಾಲ್ಕು ಸಾಲು, ಅಷ್ಟನ್ನೇ ಬಿಡಿಸುವುದು, ಮುಂದೇನು ಅಂತ ಕೇಳುವುದು. ಜೊತೆಗಾರನ ಹಣ ಕದ್ದ ವ್ಯಾಪಾರಿ ದುಷ್ಟಬುದ್ಧಿ ಮರವೇ ಸಾಕ್ಷಿ ಅಂದ ಕೂಡಲೇ ಇವನು 'ಪೊಟರೆ ಒಳಗೆ ಯಾರನ್ನೋ ಕೂರಿಸ್ತಾನೆ' ಅಂದ. ವ್ಯಾಪಾರದ ಮೋಸ ನೋಡಿ, ಅಡಿಕೆ ಮನೆ ಹುಡುಗನಿಗೆ ಹಳೆಗನ್ನಡ ಅಡ್ಡ ಬರಲಿಲ್ಲ.

ಹಳೆಗನ್ನಡದ ಪ ಹೋಗಿ ಹ ಬಂದದ್ದನ್ನು ಬೋರ್ಡಿನ ಮೇಲೆ ಹಾಕಿದ್ದೆ. ಪಾಲು ಹಾಲು, ಪುಲಿ ಹುಲಿ, ಪೊಸ ಹೊಸ. ಒಬ್ಬಳು 'ಪೆನ್ನು ಯಾಕೆ ಹೆನ್ನಾಗಲಿಲ್ಲ?' ಅಂದಳು. ಪೆನ್ನು ಬಂದಾಗ ಆ ಬದಲಾವಣೆಯೆಲ್ಲ ಮುಗಿದಿತ್ತು ಅಂದೆ. ಇಂಥ ಪ್ರಶ್ನೆ ಯಾವ ಪ್ಯಾಕೇಜಿನಿಂದಲೂ ಬರುವುದಿಲ್ಲ.

ಸುಖವಾಗಿತ್ತು ಅಂದುಕೊಳ್ಳಬೇಡಿ. ತಪಾಸಣೆಗೆ ಬಂದವರು ಮಕ್ಕಳ ನೋಟ್ಸಿನಲ್ಲಿ ಅಡಿಕೆ ದರ ಅಂಟಿಸಿದ್ದು ನೋಡಿ ಪಾಠ ಟಿಪ್ಪಣಿ ಎಲ್ಲಿ ಅಂದರು. ಇರಲಿಲ್ಲ. ಕೆಂಪು ಶಾಯಿಯಲ್ಲಿ ಬರೆದು ಹೋದರು. ನವೆಂಬರಿನಲ್ಲಿ ಅಡಿಕೆ ಕೊಯ್ಲು ಶುರುವಾಯಿತು, ಆ ಹುಡುಗ 23 ದಿನ ಸ್ಕೂಲಿಗೆ ಬರಲಿಲ್ಲ. ಬಂದಾಗ ಓದು ಮತ್ತೆ ಕುಂಟುತ್ತಿತ್ತು. ನಾನು ಅವತ್ತು ಅವನಿಗೆ ಬೈದೆ. ಬೈಯಬಾರದಿತ್ತು.

ನಿವೃತ್ತ ಪಂಡಿತರು:
ಎಲ್ಲರದ್ದೂ ಓದಿದೆ. ನಮ್ಮ ಕಾಲದಲ್ಲಿ ಈ ರಗಳೆ ಯಾವುದೂ ಇರಲಿಲ್ಲ. ಕಂಠಪಾಠ, ಬಾರದಿದ್ದರೆ ಬೆತ್ತ. ಈಗಿನವರಿಗೆ ಹಳೆಗನ್ನಡದ ಅಕ್ಷರ ಱ ಉಚ್ಚಾರಣೆಯೇ ಗೊತ್ತಿಲ್ಲ, ೞ ಅಂದರೆ ಪ್ರಿಂಟಿಂಗ್ ಮಿಸ್ಟೇಕ್ ಅಂದುಕೊಳ್ಳುತ್ತಾರೆ. ಮಳೆ ಒಂದು ಕಾಲದಲ್ಲಿ ಮೞೆ ಆಗಿತ್ತು ಅಂತ ಮಲೆನಾಡಿನ ಎಷ್ಟು ಮೇಷ್ಟ್ರು ಹೇಳಿದ್ದಾರೆ?

ಶಿವಮೊಗ್ಗದ ಅಮ್ಮ:
ಬೆತ್ತದ ಏಟು ತಿಂದೇ ನಾನು ಕನ್ನಡ ಪುಸ್ತಕ ಬಿಟ್ಟವಳು ಸಾರ್. ಮಗಳನ್ನು ಸಂಸ್ಕೃತಕ್ಕೆ ಹಾಕಿದ್ದಕ್ಕೆ ಅದೂ ಒಂದು ಕಾರಣ. ಮೇಲೆ ಬರೆದಿರಲಿಲ್ಲ, ಈಗ ಬರೆದೆ.

ನಿವೃತ್ತ ಪಂಡಿತರು:
ಎಲ್ಲರಿಗೂ ಹೊಡೆಯುತ್ತಿರಲಿಲ್ಲ ತಾಯಿ.

ಹೊಸ ಟೀಚರ್, ಹೊಸನಗರ ಕಡೆ:
ಎಲ್ಲರಿಗೂ ಥ್ಯಾಂಕ್ಸ್. ನನ್ನ 11 ಜನರ ಬಗ್ಗೆ ನೇರವಾಗಿ ಯಾರೂ ಹೇಳಲಿಲ್ಲ, ಪರವಾಗಿಲ್ಲ. ಮೂರು ಬಗೆಯ ಪ್ರಶ್ನೆ ಬರೆದಿಟ್ಟುಕೊಂಡೆ. ನಮ್ಮಲ್ಲಿ ಪೇಪರ್ ಬರುವುದು ಮಧ್ಯಾಹ್ನದ ಬಸ್ಸಿಗೆ, ಹಾಗಾಗಿ ನಿನ್ನೆಯದನ್ನೇ ಓದಿಸಬೇಕು. ಜೆರಾಕ್ಸ್ ಅಂಗಡಿ ಇಲ್ಲಿಂದ 9 ಕಿಲೋಮೀಟರ್, ಪ್ಯಾಕೇಜಿನದ್ದು ನೋಡಬೇಕು.

ಅಡಿಕೆ ಪೇಪರ್, ಸಾಗರ:
ಆ ಕೆಮ್ಮನೆ ಹುಡುಗನಿಗೆ ಏನು ಹೇಳಿದಿರಿ?

ಹೊಸ ಟೀಚರ್, ಹೊಸನಗರ ಕಡೆ:
ಕೆಮ್ಮನೆ ಅಂದರೆ ಸುಮ್ಮನೆ, ವ್ಯರ್ಥವಾಗಿ ಅಂತ. ಸುಮ್ನೆ ಮೀಸೆ ಬಿಟ್ಟುಕೊಂಡಿದ್ದೇನಾ ಅಂತ ದ್ರೋಣ ಕೇಳುತ್ತಿದ್ದಾನೆ ಅಂದೆ. ಇವನಿಗೆ ಈಗ ತಾನೇ ಮೀಸೆ ಚಿಗುರುತ್ತಿದೆ, ಹಾಗಾಗಿ ಪಕ್ಕದವರೆಲ್ಲ ಅವನನ್ನೇ ನೋಡಿ ನಕ್ಕರು. ನಿನ್ನೆ ಕ್ಲಾಸಿಗೆ ಹೋಗುವುದು ತಡವಾಯಿತು. 'ಇಷ್ಟೊತ್ತು ಕೆಮ್ಮನೆ ಕೂತಿದ್ವಿ ಮಿಸ್' ಅಂದ.

ತುಂಗಾ ದಡದ ಮೇಷ್ಟ್ರು:
ನೋಡಿ, ಕಿವಿಯಿಂದ ಕಲಿತ. ನಾನು ಹೇಳಿದ್ದೂ ಅದೇ.

ರಿಸಲ್ಟ್ ಟೀಚರ್, ಸೊರಬ:
ಬೋರ್ಡಿನ ಮೇಲೆ ಬರೆದದ್ದನ್ನು ಕಲಿತ ಸಾರ್. ಮತ್ತೆ, 102. ಇನ್ನೂ ತಿದ್ದಿಲ್ಲ ನೀವು.