ಕಪ್ಪತಗುಡ್ಡದ ಹಳ್ಳದಗುಂಟ ನಡೆಯುವ ಮುಂಚೆ

ಹುಬ್ಬಳ್ಳಿಯ ಅಕ್ಕ ಒಬ್ಬರು ಕೇಳಿದ್ದಾರೆ: ದೀಪಾವಳಿ ರಜೆಯಲ್ಲಿ ಗಂಡ ಮತ್ತು 12 ವರ್ಷದ ಮಗನ ಜೊತೆ ಕಪ್ಪತಗುಡ್ಡಕ್ಕೆ ಹೋಗಬೇಕು, ಒಣಹಳ್ಳದಗುಂಟ ನಡೆದು ಸಂಜೆಗೆ ವಾಪಸ್ ಬರಬೇಕು. ಏನು ಒಯ್ಯಬೇಕು, ಯಾವುದಕ್ಕೆ ಹೆದರಬೇಕು? ಬೂಟು, ಟೊಪ್ಪಿಗೆ, ಔಷಧಿ ಬಗ್ಗೆ ಮೂರ್ನಾಲ್ಕು ಜನ ಆಗಲೇ ಚೆನ್ನಾಗಿ ಹೇಳಿದ್ದಾರೆ. ನಾನು ಗದಗಿನವನು, ಆರೇಳು ಸಲ ಆ ಗುಡ್ಡ ಹತ್ತಿ ಇಳಿದಿದ್ದೇನೆ. ಹಳ್ಳದ ಮಾತು ಯಾರೂ ಎತ್ತಿಲ್ಲ, ಅದನ್ನೇ ಹೇಳ್ತೀನಿ.

ಅಕ್ಕಾ, ಬಿಸಿಲು ಇದೆ, ನೆರಳು ಕಡಿಮೆ, ನಿಜ. ಆದರೆ ಆ ದಿನಗಳಲ್ಲಿ ಎಚ್ಚರ ಬೇಕಾದ್ದು ಚಿತ್ತಿ, ಸ್ವಾತಿ ಮಳೆಗೆ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತೆ. ಮಧ್ಯಾಹ್ನದ ಮೇಲೆ ಎಲ್ಲೋ ಒಂದು ಕಡೆ ಮೋಡ ಕಟ್ಟಿ ಹೊಡೆದುಬಿಡುತ್ತೆ. ನಿಮ್ಮ ತಲೆ ಮೇಲೆ ಒಂದು ಹನಿ ಬೀಳದಿದ್ದರೂ ಹಳ್ಳ ಬರಬಹುದು.

ನಮಗೆ ಹಾಗೇ ಆಯ್ತು. ನಾನು, ನಮ್ಮ ಕಾಕಾನ ಮಗ ಇಬ್ಬರೂ ಹಳ್ಳದ ಉಸುಕಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ವಿ. ಮೇಲೆ ಬಿಸಿಲು. ಗುಡ್ಡದ ಆಚೆ ಗುಡುಗಿದ್ದು ಕೇಳಿತ್ತು, ದೂರ ಅಂತ ಸುಮ್ನಿದ್ವಿ. ದಂಡೆಯಲ್ಲಿ ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ಕೂಗಿದರು: "ಏ ತಮ್ಮಾ, ಮ್ಯಾಲ ಬರ್ರಿ, ಹಳ್ಳ ಬರಾಕತ್ತೈತಿ!" ಎದ್ದು ದಂಡೆ ಏರಿ ನೋಡಿದರೆ ಮೊದಲು ಬಂದದ್ದು ಕಸ. ಒಣ ಎಲೆ, ಕಡ್ಡಿ, ಕುರಿಹಿಕ್ಕೆ, ಅದರ ಮೇಲೆ ಕಂದು ನೊರೆ, ಎಲ್ಲ ಸೇರಿ ಸರಸರ ಅಂತ ಉಸುಕಿನ ಮೇಲೆ ಹರಿದು ಬಂತು. ಬೆನ್ನಿಗೇ ಇಟ್ಟಂಗಿ ಬಣ್ಣದ ನೀರು. ನಾವು ಕೂತಿದ್ದ ಜಾಗದಲ್ಲಿ ಹತ್ತು ನಿಮಿಷಕ್ಕೆ ತೊಡೆಮಟ್ಟ ಆಯ್ತು. ಬುತ್ತಿ ಹೋಯ್ತು, ಹೋಗಲಿ. ಜೊತೆಗೆ ಸಣ್ಣ ಹುಡುಗ ಇದ್ದಿದ್ದರೆ ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತೆ.

ಅದಕ್ಕೇ ಹೇಳೋದು, ಹಳ್ಳದೊಳಗೆ ನಡೆಯೋದನ್ನು ಬೆಳಿಗ್ಗೆಯೇ ಮುಗಿಸಿ. ಊಟಕ್ಕೆ ದಂಡೆ ಮೇಲೆ ಕೂತ್ಕೊಳ್ಳಿ. ಎರಡೂ ಕಡೆ ದಂಡೆ ಕಡಿದಾಗಿರುವ ಕಡೆ ಫೋಟೋಕ್ಕೂ ನಿಲ್ಲಬೇಡಿ. ನಡೆಯುವಾಗಲೇ ಎಲ್ಲೆಲ್ಲಿ ಏರಬಹುದು ಅಂತ ಮಗನಿಗೆ ತೋರಿಸ್ತಾ ಹೋಗಿ. ಗುಡುಗು ಎಷ್ಟೇ ದೂರ ಕೇಳಿದರೂ ಹಳ್ಳ ಬಿಡಿ. ಹಾಗಂತ ಗುಡ್ಡದ ನೆತ್ತಿಗೂ ಹೋಗಬೇಡಿ, ಅಲ್ಲಿ ಸಿಡಿಲಿನ ಭಯ. ಒಂಟಿ ಮರ, ಗಾಳಿಯಂತ್ರದ ಕಂಬ ಎರಡರಿಂದಲೂ ದೂರ ಇರಿ. ಬಂದ ಹಳ್ಳವನ್ನು ದಾಟುವ ಧೈರ್ಯ ಬೇಡವೇ ಬೇಡ. ಮೇಲೆ ಮಳೆ ನಿಂತರೆ ಇಳಿಯುತ್ತೆ, ಕಾಯಿರಿ.

ಹುಲ್ಲು ಆಗ ಎದೆಮಟ್ಟ ಇರುತ್ತೆ, ಕಾಲುದಾರಿ ಕಾಣೋದಿಲ್ಲ. ಕೈಯಲ್ಲಿ ಕೋಲು ಇರಲಿ, ಮುಂದೆ ಬಡಿಯುತ್ತಾ ಹೋಗಿ, ಹಾವಿದ್ದರೆ ಸರಿಯುತ್ತೆ. ತುಂಬು ಪ್ಯಾಂಟು ಹಾಕಿ. ಇಳಿಜಾರಿನಲ್ಲಿ ಕಲ್ಲು ಹಾಳೆಹಾಳೆಯಾಗಿ ಎದ್ದಿರುತ್ತೆ, ಕಾಲಿಟ್ಟರೆ ಒಡೆದ ಹಂಚಿನ ಹಾಗೆ ಜಾರುತ್ತೆ. ಹತ್ತುವಾಗಿನದಕ್ಕಿಂತ ಇಳಿಯುವಾಗ ಜಾಸ್ತಿ ಹೊತ್ತು ಹಿಡಿಯುತ್ತೆ. ಆರಕ್ಕೆಲ್ಲ ಹೊತ್ತು ಮುಳುಗುತ್ತೆ, ಹಾಗಾಗಿ ಮೂರಕ್ಕೇ ಇಳಿಯಲು ಶುರು ಮಾಡಿ.

ನೀರು ದೊಡ್ಡವರಿಗೆ ತಲಾ ಮೂರು ಲೀಟರ್, ಮಗನಿಗೆ ಎರಡು. ಗುಡ್ಡದಲ್ಲಿ ಸಿಗುತ್ತೆ ಅಂತ ನಂಬಬೇಡಿ. ಕಟಿ ರೊಟ್ಟಿ, ಶೇಂಗಾ ಚಟ್ನಿ, ಸೌತೆಕಾಯಿ ಸಾಕು, ಕೆಡೋದಿಲ್ಲ.

ಇನ್ನೊಂದು, ಅನುಮತಿ. 2019ರಲ್ಲಿ 244 ಚದರ ಕಿ.ಮೀ. ಗುಡ್ಡ ವನ್ಯಜೀವಿ ಧಾಮ ಆಗಿದೆ. ಚಿರತೆ, ತೋಳ, ಕತ್ತೆಕಿರುಬ ಇರುವ ಕಾಡು ಅದು. ಮೊದಲೇ ಅರಣ್ಯ ಇಲಾಖೆಯವರನ್ನು ಕೇಳಿ, ಯಾವ ದಾರಿಗೆ ಬಿಡ್ತಾರೋ ಅದರಲ್ಲೇ ಹೋಗಿ. ಊರಿನವರು ಒಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೇದು. ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಈ ಗುಡ್ಡ ಗಣಿಗೆ ಹೋಗದಂತೆ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಜನರ ಜೊತೆ ಬೀದಿಗಿಳಿದು ಉಳಿಸಿದ್ದು, ನಮ್ಮ ಕಡೆಯವರಿಗೆ ಅದು ಬರೀ ಗುಡ್ಡ ಅಲ್ಲ.

ಬಸ್ಸಿಗೆ ಬರೋದಾದರೆ ಗದಗಿನಲ್ಲಿ ಇಳಿದು ಮುಂಡರಗಿ ಕಡೆಯ ಬಸ್ ಹಿಡಿದು ಡಂಬಳಕ್ಕೆ ಬನ್ನಿ. ದೊಡ್ಡಬಸಪ್ಪನ ಗುಡಿಯನ್ನು ಮಗನಿಗೆ ತೋರಿಸಿ, ಮೂಲೆಮೂಲೆಯಾಗಿ ನಕ್ಷತ್ರದ ಹಾಗೆ ಕಟ್ಟಿದ್ದಾರೆ.

ಯಾವ ದಿನ ಅಂತ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ ಅಕ್ಕಾ. ಹಿಂದಿನ ರಾತ್ರಿ ಗುಡ್ಡದ ಮೇಲೆ ಮಳೆ ಆಗಿದೆಯಾ ಅಂತ ಗುಡ್ಡದ ಹತ್ತಿರದ ಡೋಣಿ ಊರಿನ ಗೆಳೆಯರಿಗೆ ಫೋನ್ ಮಾಡಿ ಕೇಳಿ ಹೇಳ್ತೀನಿ.