ಬಂಡೆಗೆ ತಗುಲಿ ಸ್ಕೆಗ್ ಮುರಿದಿದೆ: ಗಾರ್ಡ್ ಸಾಕಾ, ವೆಲ್ಡಿಂಗೇ ಬೇಕಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ದೋಣಿಯ ಹಿಂಬದಿಗೆ ಹೊರಗೆ ಕೂರಿಸಿರುವುದು 40 ಎಚ್‌ಪಿ ಔಟ್‌ಬೋರ್ಡ್ ಮೋಟಾರ್. ಆಳ ಕಡಿಮೆ ಇದ್ದ ಕಡೆ ನಿಧಾನಕ್ಕೆ ಹೋಗುವಾಗ ನೀರೊಳಗಿನ ಬಂಡೆ ತಗುಲಿತು. ಮೋಟಾರ್ ಮೇಲಕ್ಕೆ ಎದ್ದು ಮತ್ತೆ ಕೂತಿತು. ದಡಕ್ಕೆ ತಂದು ನೋಡಿದರೆ ಸ್ಕೆಗ್‌ನ (ಪ್ರೊಪೆಲ್ಲರ್ ಕೆಳಗೆ ಇಳಿದಿರುವ ರೆಕ್ಕೆಯಂಥ ಭಾಗ) ಕೆಳಗಿನ ಮೂರನೇ ಒಂದು ಭಾಗ ಇಲ್ಲ. ಪ್ರೊಪೆಲ್ಲರ್‌ಗೆ ಗೀರು ಕೂಡ ಬಿದ್ದಿಲ್ಲ. ಎಂಜಿನ್ ಚೆನ್ನಾಗೇ ಓಡುತ್ತದೆ, ಆದರೆ ವೇಗ ಜಾಸ್ತಿ ಮಾಡಿದರೆ ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ. ಹೀಗೇ ಓಡಿಸಬಹುದಾ? ಸ್ಕೆಗ್ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಗಾರ್ಡ್ (ಕವಚ) ಹಾಕಿದರೆ ಸಾಕಾ? ದೋಣಿ ಉಪ್ಪುನೀರಲ್ಲೂ ಓಡುತ್ತದೆ.

ಉತ್ತರ

ಸರ್, ಸ್ಕೆಗ್ ವಿಷಯ ಆಮೇಲೆ. ಮೊದಲು ಗೇರ್ ಕೇಸ್ (ಸ್ಕೆಗ್‌ನ ಮೇಲೆ, ಗೇರ್‌ಗಳಿರುವ ಮುಚ್ಚಿದ ಭಾಗ) ನೋಡಿ. ಸ್ಕೆಗ್ ಮುರಿಯುವಷ್ಟು ಪೆಟ್ಟು ಬಿದ್ದಿದೆ ಅಂದರೆ ಅದರ ಒಂದು ಪಾಲು ಮೇಲಕ್ಕೂ ಹೋಗಿರಬಹುದು, ಅಲ್ವಾ?

ಮೋಟಾರನ್ನು ನೆಟ್ಟಗೆ ನಿಲ್ಲಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಗೇರ್ ಆಯಿಲ್‌ನ ಕೆಳಗಿನ ಡ್ರೈನ್ ಸ್ಕ್ರೂ ಸ್ವಲ್ಪ ಸಡಿಲಿಸಿ, ನಾಲ್ಕು ಹನಿ ಬಿಳಿ ಬಟ್ಟಲಿಗೆ ಬಿಡಿ. ನೀರು ಎಣ್ಣೆಗಿಂತ ಭಾರ, ಒಳಗೆ ಹೊಕ್ಕಿದ್ದರೆ ಅದೇ ಮೊದಲು ಬರುತ್ತದೆ. ಎಣ್ಣೆ ಹಾಲು ಬೆರೆಸಿದ ಹಾಗೆ ಕಂಡರೂ ನೀರು ಸೇರಿದೆ ಎಂದೇ ಅರ್ಥ. ಆಗ ಸೀಲ್ ಹೋಗಿರಬೇಕು, ಇಲ್ಲವೇ ಕೇಸ್ ಬಿರುಕು ಬಿಟ್ಟಿರಬೇಕು. ಸ್ಕ್ರೂ ತುದಿಯಲ್ಲಿ ಮ್ಯಾಗ್ನೆಟ್ ಇದ್ದರೆ ಅದಕ್ಕೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ನುಣ್ಣನೆಯ ಬೂದು ಪೇಸ್ಟ್ ಮಾಮೂಲಿ. ಕೈಗೆ ಚುಚ್ಚುವ ಚೂರು ಸಿಕ್ಕರೆ ಗೇರ್‌ಗೆ ಏಟು ಬಿದ್ದಿದೆ.

ಆಮೇಲೆ ಶಾಫ್ಟ್. ಸ್ಪಾರ್ಕ್ ಪ್ಲಗ್ ವೈರ್ ಕಿತ್ತಿಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಪ್ರೊಪೆಲ್ಲರ್ ಬಿಚ್ಚಿ, ಶಾಫ್ಟ್ ತುದಿಯ ಹತ್ತಿರ ಪೆನ್ಸಿಲ್ ಅಲುಗದ ಹಾಗೆ ಇಟ್ಟು, ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ನಡುವಿನ ಸಂದು ಹಿಗ್ಗಿ ಕುಗ್ಗಿದರೆ ಶಾಫ್ಟ್ ಬಗ್ಗಿದೆ. ಎಣ್ಣೆಯಲ್ಲಿ ನೀರು, ಚೂರು, ಬಗ್ಗಿದ ಶಾಫ್ಟ್, ಇವುಗಳಲ್ಲಿ ಯಾವುದು ಕಂಡರೂ ಮೋಟಾರ್ ಓಡಿಸಬೇಡಿ, ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಸ್ಟೀರಿಂಗ್ ಎಳೆಯುವುದಕ್ಕೆ ಕಾರಣ ಇದೆ. ತಿರುಗುವ ಪ್ರೊಪೆಲ್ಲರ್ ಹಿಂಬದಿಯನ್ನು ಸ್ವಲ್ಪ ಪಕ್ಕಕ್ಕೂ ತಳ್ಳುತ್ತದೆ. ಅದಕ್ಕೆ ಎದುರಾಗಿ ನಿಲ್ಲುವುದರಲ್ಲಿ ಸ್ಕೆಗ್‌ನ ಪಾಲೂ ಇದೆ. ಅದು ಗಿಡ್ಡವಾದಷ್ಟೂ ಎಳೆತ ನಿಮ್ಮ ಕೈಗೆ ಬರುತ್ತದೆ. ಜೊತೆಗೆ ಈಗ ಪ್ರೊಪೆಲ್ಲರ್‌ಗೆ ಅಡ್ಡ ಕಮ್ಮಿ. ಇನ್ನೊಂದು ಬಂಡೆ ಸಿಕ್ಕರೆ ಪೆಟ್ಟು ನೇರ ಅದಕ್ಕೇ. ದಡ ಸೇರುವಷ್ಟು ನಿಧಾನಕ್ಕೆ ಓಡಿಸಬಹುದು, ಹೀಗೇ ಬಿಟ್ಟುಬಿಡುವುದು ಬೇಡ.

ಗಾರ್ಡ್ ಬಗ್ಗೆ: ಉಳಿದ ಸ್ಕೆಗ್ ಮೇಲೆ ಬಿಗಿಯಾಗಿ ಕೂರುವುದಾದರೆ ಕೆಲಸಕ್ಕೆ ಬರುತ್ತದೆ, ನಿಮ್ಮದರಲ್ಲಿ ಕೂರಬಹುದು. ನನಗೆ ಮಾತ್ರ ಅದು ಅಷ್ಟು ಹಿಡಿಸುವುದಿಲ್ಲ. ಅಲ್ಯೂಮಿನಿಯಂ ಸ್ಕೆಗ್ ಮುರಿದು ಪೆಟ್ಟನ್ನು ಅಲ್ಲೇ ಮುಗಿಸುತ್ತದೆ. ಗಟ್ಟಿ ಸ್ಟೀಲ್ ಇದ್ದರೆ ಅದೇ ಪೆಟ್ಟು ಗೇರ್ ಕೇಸ್‌ಗೆ ಹೋಗುವ ಸಂಭವ ಜಾಸ್ತಿ. ಉಪ್ಪುನೀರಲ್ಲಿ ಸ್ಟೀಲ್ ತಗುಲಿದ ಕಡೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ, ಅದೂ ಗಾರ್ಡ್ ಒಳಗೆ, ಕಣ್ಣಿಗೆ ಕಾಣದ ಕಡೆ. ಹಾಕಲೇಬೇಕು ಅಂದರೆ ನಡುವೆ ಮೆರೈನ್ ಸೀಲಂಟ್ ಧಾರಾಳವಾಗಿ ಹಚ್ಚಿ, ಬೋಲ್ಟ್‌ಗಳಿಗೆ ನೈಲಾನ್ ವಾಷರ್ ಹಾಕಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ ಸರ್. ಎಣ್ಣೆ ಶುದ್ಧವಾಗಿದೆ, ಶಾಫ್ಟ್ ನೆಟ್ಟಗಿದೆ. ವೆಲ್ಡಿಂಗ್ ಮಾಡಿಸುತ್ತೇನೆ. ಏನೂ ಬಿಚ್ಚದೆ ಇದ್ದಲ್ಲೇ ಮಾಡಿಕೊಡುತ್ತೇನೆ ಅನ್ನುತ್ತಾರೆ ವೆಲ್ಡರ್. ಆಗುತ್ತಾ?

ಉತ್ತರ

ಬೇಡ. ಲೋವರ್ ಯೂನಿಟ್ (ಗೇರ್ ಕೇಸ್, ಸ್ಕೆಗ್ ಇರುವ ಮೋಟಾರ್‌ನ ಕೆಳಭಾಗ) ಬಿಚ್ಚಿಯೇ ಕೊಡಿ. ಎಣ್ಣೆ ಪೂರ್ತಿ ಇಳಿಸಿ, ಕೆಳಗಿನ ಡ್ರೈನ್, ಮೇಲಿನ ವೆಂಟ್ ಎರಡೂ ಸ್ಕ್ರೂ ತೆಗೆದಿರಲಿ. ಮುಚ್ಚಿದ ಕೇಸ್ ಬಿಸಿಯಾದರೆ ಒಳಗೆ ಒತ್ತಡ ಏರುತ್ತದೆ. ಪ್ರೊಪೆಲ್ಲರ್ ಶಾಫ್ಟ್‌ನ ರಬ್ಬರ್ ಸೀಲ್ ಹತ್ತಿರವೇ ಇದೆ, ಬಿಸಿಗೆ ಅದು ಹಾಳಾಗುತ್ತದೆ. ಸ್ವಲ್ಪ ಸ್ವಲ್ಪ ಬೆಸೆದು, ನಡುನಡುವೆ ಆರಲು ಬಿಡಲಿ. ಕೇಸ್ ಮೇಲೆ ಒದ್ದೆ ಬಟ್ಟೆ ಸುತ್ತಿರಲಿ.

ವೆಲ್ಡಿಂಗ್ ಟಿಗ್ (ಟಂಗ್‌ಸ್ಟನ್ ಎಲೆಕ್ಟ್ರೋಡ್ ಬಳಸುವ ವಿಧಾನ) ಆಗಬೇಕು, ಎಸಿ ಕರೆಂಟ್, ಆರ್ಗಾನ್ ಗ್ಯಾಸ್. ಹೊಸ ತುಂಡಿಗೆ 6061 ದರ್ಜೆಯ ಅಲ್ಯೂಮಿನಿಯಂ ಪ್ಲೇಟ್, ಬೆಸುಗೆಗೆ 4043 ದರ್ಜೆಯ ರಾಡ್ ಹೊಂದುತ್ತದೆ. ಮುರಿದ ಅಂಚನ್ನು ಎರಡೂ ಕಡೆಯಿಂದ ಇಳಿಜಾರಾಗಿ ಅರದಲ್ಲಿ ಉಜ್ಜಿ, ಪೇಂಟ್, ಎಣ್ಣೆ, ಉಪ್ಪು ಎಲ್ಲ ತೆಗೆಸಿ. ಕೊನೆಗೆ ಹೊಸ ಸ್ಟೇನ್‌ಲೆಸ್ ಬ್ರಷ್‌ನಿಂದ ಉಜ್ಜಬೇಕು, ಕಬ್ಬಿಣಕ್ಕೆ ಬಳಸಿದ್ದು ಬೇಡ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಮೇಲಿನ ಆಕ್ಸೈಡ್ ಪದರಕ್ಕೆ 2000 ಡಿಗ್ರಿ ದಾಟಬೇಕು. ಅದು ಉಳಿದರೆ ಬೆಸುಗೆ ಹಿಡಿಯುವುದಿಲ್ಲ.

ಅಳತೆಗೆ ಅದೇ ಮಾಡೆಲ್‌ನ ಇನ್ನೊಂದು ಮೋಟಾರ್ ಸಿಕ್ಕರೆ ರಟ್ಟಿನ ಮೇಲೆ ಅದರ ಸ್ಕೆಗ್ ಗೀಚಿಕೊಳ್ಳಿ. ಬೆಸೆಯುವ ಮೊದಲು ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ, ತುಂಡು ಓರೆಯಾಗಿದ್ದರೆ ಸ್ಟೀರಿಂಗ್ ಮತ್ತೆ ಎಳೆಯುತ್ತದೆ.

ಇನ್ನೊಬ್ಬರು

ಬಣ್ಣದ ಬಗ್ಗೆ ಒಂದು ಮಾತು. ಅಲ್ಯೂಮಿನಿಯಂಗೆ ಹಿಡಿಯುವ ಪ್ರೈಮರ್ ಹಾಕಿ ಆಮೇಲೆ ಪೇಂಟ್ ಮಾಡಿ. ಪಾಚಿ, ಚಿಪ್ಪು ಹಿಡಿಯದಂತೆ ದೋಣಿಗೆ ಹಚ್ಚುವ, ತಾಮ್ರ ಇರುವ ಆ್ಯಂಟಿಫೌಲಿಂಗ್ ಪೇಂಟ್ ಮೋಟಾರ್‌ಗೆ ಬೇಡವೇ ಬೇಡ, ಲೋಹ ತಿನ್ನುತ್ತದೆ. ಆ್ಯನೋಡ್ (ಮೋಟಾರ್ ಬದಲು ತಾನು ಸವೆಯುವ ಲೋಹದ ತುಂಡು) ಮೇಲೆ ಪೇಂಟ್ ಬಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಆಳ ಕಮ್ಮಿ ಇರುವಲ್ಲಿ ಮೋಟಾರ್ ಸ್ವಲ್ಪ ಎತ್ತಿ ಓಡಿಸಿ, ಆದರೆ ಕೂಲಿಂಗ್ ನೀರು ಸೇದುವ ಜಾಲರಿ ಮುಳುಗಿರಲಿ. ರಿವರ್ಸ್‌ನಲ್ಲಿ ಇನ್ನೂ ಹುಷಾರು. ಮುಂದಕ್ಕೆ ಹೋಗುವಾಗ ತಗುಲಿದರೆ ಮೋಟಾರ್ ಮೇಲೇಳುತ್ತದೆ, ಹಿಂದಕ್ಕೆ ಹೋಗುವಾಗ ಏಳಲು ಜಾಗ ಇಲ್ಲ.

ಉತ್ತರ

ಹೌದು, ಅದು ಮುಖ್ಯ. ಸರ್, ಬಿಚ್ಚಿದ ಸ್ಕ್ರೂಗಳಿಗೆ ಹೊಸ ವಾಷರ್ ಹಾಕಿ. ಮೊದಲ ಸಲ ಓಡಿಸಿ ಬಂದ ಮೇಲೆ ಮತ್ತೆ ಎಣ್ಣೆ ನಾಲ್ಕು ಹನಿ ಇಳಿಸಿ ನೋಡಿ, ಸೀಲ್‌ಗೆ ಬಿಸಿ ತಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.